ಸ್ಪೀಡಿಂಗ್ ನೋಟಿಸ್ ಬಂದಾಗ ‘ನಮ್ಮೋನು’ ಅನ್ನೋ ಮಾತು

ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಬ್ರಿಟನ್ನಿಗೆ ಹೊಸದಾಗಿ ಬಂದವರು ಕೆಟ್ಟತನಕ್ಕಿಂತ ಒಳ್ಳೆಯತನದಿಂದಲೇ ಹೆಚ್ಚು ಎಡವುತ್ತಾರೆ. ‘ನಮ್ಮೋನಿಗೆ ಕಷ್ಟ ಬಂದಿದೆ, ಕೈ ಬಿಡೋಕಾಗುತ್ತಾ?’

ವೇಗದ ಮಿತಿ ಮೀರಿ ಕಾರು ಕ್ಯಾಮೆರಾಗೆ ಸಿಕ್ಕಿತು ಅನ್ನಿ. ಕಾರು ಯಾರ ಹೆಸರಲ್ಲಿದೆಯೋ ಅವರ ಮನೆಗೆ 14 ದಿನದೊಳಗೆ ನೋಟಿಸ್ ಬರುತ್ತೆ. ಓಡಿಸಿದ್ದು ಯಾರು ಅಂತ ಬರೆದು, ಸಹಿ ಹಾಕಿ, 28 ದಿನದೊಳಗೆ ಕಳಿಸಬೇಕು. ಕಮ್ಮಿ ಅಂದ್ರೂ 100 ಪೌಂಡ್ ದಂಡ, ಲೈಸೆನ್ಸ್ ಮೇಲೆ 3 ಪಾಯಿಂಟ್, ಅಂದ್ರೆ ತಪ್ಪಿನ ಅಂಕ. ಟೆಸ್ಟ್ ಪಾಸಾದ ಮೊದಲ 2 ವರ್ಷದಲ್ಲಿ 6 ಪಾಯಿಂಟ್ ಆದರೆ ಲೈಸೆನ್ಸೇ ರದ್ದು. ಓಡಿಸಿದ್ದು ಹೊಸದಾಗಿ ಪಾಸಾದ ತಮ್ಮ, ಅವನಿಗೆ ಆಗಲೇ 3 ಬಿದ್ದಿವೆ, ಭಾವನ ಲೈಸೆನ್ಸ್ ಚೊಕ್ಕಟ. ‘ನನ್ನ ಹೆಸರು ಬರಿಯೋ, ಏನಾಗಲ್ಲ’ ಅಂತಾನೆ ಭಾವ. ಊರಲ್ಲಾದರೆ ಅದು ದೊಡ್ಡ ಮನಸ್ಸು. ಇಲ್ಲಿ ನ್ಯಾಯದ ದಾರಿ ತಪ್ಪಿಸಿದ ಅಪರಾಧ, ಇಬ್ಬರ ಮೇಲೂ. ಮುಂದೆ ಬ್ರಿಟನ್ನಿನ ಮಂತ್ರಿಯಾದ ಕ್ರಿಸ್ ಹ್ಯೂನ್ 2003ರ ಪಾಯಿಂಟುಗಳನ್ನು ಆಗಿನ ಹೆಂಡತಿ ವಿಕಿ ಪ್ರೈಸ್ ಹೆಸರಿಗೆ ಹಾಕಿಸಿದ್ದಕ್ಕೆ 2013ರಲ್ಲಿ ಇಬ್ಬರಿಗೂ 8 ತಿಂಗಳ ಜೈಲಾಯಿತು.

ಈ ವ್ಯತ್ಯಾಸವನ್ನು ಮನಶ್ಶಾಸ್ತ್ರಜ್ಞರಾದ ಜೋನ್ ಮಿಲ್ಲರ್, ಡೇವಿಡ್ ಬರ್ಸಾಫ್ ನಮ್ಮ ಮೈಸೂರಿನವರನ್ನೂ ಅಮೆರಿಕದ ನ್ಯೂ ಹೇವನ್ನಿನವರನ್ನೂ ಕೇಳಿ 1992ರಲ್ಲಿ ಪ್ರಕಟಿಸಿದರು. ಕೇಳಿದ್ದರಲ್ಲಿ ಒಂದು ಇದು: ಗೆಳೆಯನ ಮದುವೆಗೆ ಉಂಗುರ ತಲುಪಿಸಬೇಕು, ಪರ್ಸ್ ಕಳುವಾಗಿದೆ. ಪಕ್ಕದವನ ಕೋಟಿನಿಂದ ರೈಲ್ವೆ ಟಿಕೆಟ್ ಎತ್ತಬಹುದಾ? ಮೈಸೂರಿನವರಲ್ಲಿ ಹೆಚ್ಚು ಜನ ಉಂಗುರದ ಕಡೆ, ಅಲ್ಲಿನವರಲ್ಲಿ ಹೆಚ್ಚು ಜನ ಟಿಕೆಟ್ ಮುಟ್ಟಬಾರದು ಅನ್ನೋ ಕಡೆ. ಅಮೆರಿಕದವರಿಗೆ ಗೆಳೆಯ ಬೇಡವಾಗಿದ್ದ ಅಂತಲ್ಲ. ಅವರಿಗೆ ನೆರವು ಒಳ್ಳೆಯದು, ಆದರೆ ಅವರವರ ಇಷ್ಟ. ನಮಗೆ ಅದು ಕರ್ತವ್ಯ, ತಪ್ಪಿಸಿದರೆ ಪಾಪ.

ಕಾಲೇಜಲ್ಲೂ ಇದೇ ಕಥೆ. ಅಸೈನ್‌ಮೆಂಟ್ ‘ಸುಮ್ನೆ ನೋಡೋಕೆ’ ಕೊಟ್ಟವನೂ ನಕಲು ಮಾಡಿದವನ ಜೊತೆ ಸಿಕ್ಕಿಬೀಳ್ತಾನೆ.

ಹಾಗಾದರೆ ನೋಟಿಸ್ ಬಂದಾಗ? ಯಾರು ಓಡಿಸಿದ್ದು ಅಂತ ನಿಜಕ್ಕೂ ನೆನಪಿಲ್ಲದಿದ್ದರೆ ಪೊಲೀಸರಿಂದ ಫೋಟೋ ಕೇಳಿ. ಉತ್ತರಿಸದೆ ಸುಮ್ಮನಿದ್ದರೆ 6 ಪಾಯಿಂಟ್, ತಪ್ಪಿಗಿಂತ ಜಾಸ್ತಿ. ವೇಗ ಸ್ವಲ್ಪವೇ ಮೀರಿದ್ದು, ಹಿಂದಿನ 3 ವರ್ಷದಲ್ಲಿ ಇಂಥ ಕೋರ್ಸ್ ಮಾಡಿರದಿದ್ದರೆ ಪಾಯಿಂಟ್ ಬದಲು ವೇಗದ ಅಪಾಯ ತಿಳಿಸೋ ಸ್ಪೀಡ್ ಅವೇರ್‌ನೆಸ್ ಕೋರ್ಸ್ ಕೊಡಬಹುದು, ಬಂದರೆ ಬಿಡಬೇಡಿ. ಭಾವನಿಗೆ ‘ದಂಡದಲ್ಲಿ ಅರ್ಧ ಹಾಕು ಭಾವ, ಹೆಸರು ಬೇಡ’ ಅನ್ನಿ. ಲೈಸೆನ್ಸ್ ಹೋದರೆ, ತಮ್ಮ ಮತ್ತೆ ಟೆಸ್ಟ್ ಪಾಸಾಗೋ ತನಕ ಬೆಳಿಗ್ಗೆ ಅವನನ್ನ ಕೆಲಸಕ್ಕೆ ಬಿಟ್ಟು ಬರೋದು ಭಾವನ ಪಾಲು.