ಡ್ರೋನ್ ಇಳಿಸಿ ಕಾಯಿ ಹಿಡಿದ ಮೇಲೆ

ಬ್ಯಾಡಗಿಯಲ್ಲಿ ಖಾರದ ಪುಡಿಯ ಸಣ್ಣ ಘಟಕ ತೆರೆದ ಹೊಸತರಲ್ಲಿ, ಹೆಸರು ಮಾಡುವ ಆತುರಕ್ಕೆ ಹುಬ್ಬಳ್ಳಿಯಿಂದ ವಿಡಿಯೊ ಹುಡುಗರನ್ನು ಕರೆಸಿದ್ದೆ. ಡ್ರೋನ್ ಹಾರಿತು, ಹಿನ್ನೆಲೆಯಲ್ಲಿ ಡೊಳ್ಳು ಮೊಳಗಿತು, ನಾನು ಬಾಡಿಗೆ ಕೋಟು ತೊಟ್ಟು ಕೈಕಟ್ಟಿ ನಿಂತು ‘ಗುಣಮಟ್ಟವೇ ನಮ್ಮ ಉಸಿರು’ ಎಂದೆ. ನೋಡಿದ ಅವ್ವ ಕೇಳಿದ್ದು ಒಂದೇ ಮಾತು: ‘ಯಾವ ಪಕ್ಷದಿಂದ ನಿಂತಿದ್ದೀಯಪ್ಪಾ?’ ಬೀಗರು, ನೆಂಟರು ಅದನ್ನು ಹೆಮ್ಮೆಯಿಂದ ಹಂಚಿಕೊಂಡರು. ಪುಡಿಯನ್ನು ಮಾತ್ರ ಯಾರೂ ಕೇಳಲಿಲ್ಲ.

ದಾರಿ ತೋರಿಸಿದ್ದು ಒಂದು ಜಗಳ. ಬೆಂಗಳೂರಿನ ಗಿರಾಕಿಯೊಬ್ಬರು ಫೋನ್ ಮಾಡಿ, ‘ಬಣ್ಣ ನೋಡಿದರೆ ಕಣ್ಣು ಕುಕ್ಕುತ್ತದೆ, ಖಾರವೇ ಇಲ್ಲ. ಏನು ಬೆರೆಸಿದ್ದೀರಿ?’ ಎಂದು ದಬಾಯಿಸಿದರು. ಸಿಟ್ಟು ನೆತ್ತಿಗೇರಿತು. ಗೋದಾಮಿಗೆ ಹೋಗಿ ಮೊಬೈಲನ್ನು ಚೀಲಕ್ಕೆ ಒರಗಿಸಿ, ಒಂದು ಕೈಯಲ್ಲಿ ಗುಂಟೂರು ಮೆಣಸಿನಕಾಯಿ, ಇನ್ನೊಂದರಲ್ಲಿ ಬ್ಯಾಡಗಿಯ ‘ಕಡ್ಡಿ’ ಎಂಬ ಬಗೆಯ ಕಾಯಿ ಹಿಡಿದು ಉತ್ತರ ಹೇಳಿದೆ. ಗುಂಟೂರಿನದು ನುಣುಪು, ಖಾರ ಹೆಚ್ಚು. ನಮ್ಮದು ಸುಕ್ಕು; ಬಣ್ಣ ಜಾಸ್ತಿ, ಖಾರ ಕಡಿಮೆ. ಅದು ಕಲಬೆರಕೆಯಲ್ಲ, ತಳಿಯ ಗುಣ. ಆ ಬಣ್ಣಕ್ಕಾಗಿಯೇ ಇದರಿಂದ ಓಲಿಯೋರೆಸಿನ್ ಎಂಬ ಗಟ್ಟಿ ಸಾರ ತೆಗೆಯುತ್ತಾರೆ, ಅದು ಲಿಪ್‌ಸ್ಟಿಕ್‌ವರೆಗೂ ಹೋಗುತ್ತದೆ. 2011ರಲ್ಲಿ, ಇದು ಈ ಸೀಮೆಯದೇ ಬೆಳೆ ಎಂದು ಗುರುತಿಸುವ ಭೌಗೋಳಿಕ ಸೂಚಿಯ (ಜಿಐ) ಮಾನ್ಯತೆಯೂ ಸಿಕ್ಕಿದೆ. ನಡುವೆ ಘಾಟು ಹತ್ತಿ ಎರಡು ಸಲ ಸೀನಿದೆ. ಕತ್ತರಿಸದೆ ಹಾಗೇ ಕಳುಹಿಸಿದೆ. ಅವರು ಅದನ್ನು ತಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರು. ಆ ವಾರ ಅದೇ ಕಟ್ಟಡದಿಂದ ಒಂಬತ್ತು ಆರ್ಡರ್ ಬಂದವು.

ಅಂದಿನಿಂದ ನನ್ನ ವಿಡಿಯೊ ‘ನಮಸ್ಕಾರ, ನಾನು’ ಎಂದು ಶುರುವಾಗುವುದಿಲ್ಲ. ಮೊದಲ ವಾಕ್ಯ ಗಿರಾಕಿಯ ದೂರು, ಅವರದೇ ಮಾತಿನಲ್ಲಿ. ಕತೆ ಎಂದರೆ ಕಷ್ಟಪಟ್ಟು ಮೇಲೆ ಬಂದ ನನ್ನ ಪುರಾಣ ಎಂದುಕೊಂಡಿದ್ದೆ. ಕೊಳ್ಳುವವರಿಗೆ ಅದು ಬೇಕಿಲ್ಲ. ತಮ್ಮ ಅನುಮಾನ ಎಲ್ಲಿ ಹುಟ್ಟಿತು, ಹೇಗೆ ತೀರಿತು ಎಂಬುದು ಬೇಕು. ಒಂದೂವರೆ ನಿಮಿಷಕ್ಕೆ ಅಷ್ಟು ಕತೆ ಧಾರಾಳ.

ನನ್ನನ್ನು ನಿಜವಾಗಿ ಕಾಡಿದ್ದು ಕೆಂಪು ಬಣ್ಣ. ಬಿಸಿಲಲ್ಲಿ ರಾಶಿಯನ್ನು ಚಿತ್ರಿಸಿದರೆ ಮೊಬೈಲು ಆ ಕೆಂಪನ್ನು ತಾಳಿಕೊಳ್ಳುವುದಿಲ್ಲ. ಸುಕ್ಕೆಲ್ಲ ಮಾಯವಾಗಿ ಒಂದೇ ಕೆಂಪು ಮುದ್ದೆ ಕಾಣುತ್ತದೆ. ಸುಕ್ಕು ಕಾಣದ ಮೇಲೆ ಅದು ಬ್ಯಾಡಗಿ ಕಾಯಿ ಎಂದು ಯಾರು ನಂಬಬೇಕು? ಈಗ ತಗಡಿನ ಶೆಡ್ಡಿನ ನೆರಳಲ್ಲಿ, ಗೋಣಿಚೀಲದ ಮೇಲೆ ನಾಲ್ಕೇ ಕಾಯಿ ಹರಡುತ್ತೇನೆ. ಪರದೆಯ ಮೇಲೆ ಕಾಯಿ ಇರುವಲ್ಲಿ ಬೆರಳು ಒತ್ತಿ ಹಿಡಿದು, ಸುಕ್ಕಿನ ಗೆರೆ ಮೂಡುವ ತನಕ ಬೆಳಕು ಇಳಿಸುತ್ತೇನೆ. ನನ್ನ ಮುಖ ತುಸು ಕಪ್ಪಾಗುತ್ತದೆ, ಆಗಲಿ. ಸೋಮವಾರ, ಗುರುವಾರ ಮಾರುಕಟ್ಟೆಯ ಗದ್ದಲದಲ್ಲಿ ಕಾಲರ್ ಮೈಕ್ ಇಲ್ಲದಿದ್ದರೆ ಒಂದಕ್ಷರವೂ ಕೇಳದು.

ಒಮ್ಮೆ ಮುಖಭಂಗವೂ ಆಯಿತು. ಲೋಟದ ನೀರಿನ ಮೇಲೆ ಪುಡಿ ಉದುರಿಸಿ, ‘ಬಣ್ಣ ಗೆರೆಗೆರೆಯಾಗಿ ಕೆಳಗಿಳಿಯಲಿಲ್ಲ, ಆದ್ದರಿಂದ ಅಪ್ಪಟ’ ಎಂದು ಘೋಷಿಸಿದ್ದೆ. ಧಾರವಾಡದ ರಸಾಯನಶಾಸ್ತ್ರದ ಮೇಷ್ಟ್ರೊಬ್ಬರು ಬರೆದರು: ‘ನೀರಿನಲ್ಲಿ ಕರಗುವ ಬಣ್ಣ ಮಾತ್ರ ಇದರಲ್ಲಿ ಸಿಕ್ಕಿಬೀಳುತ್ತದೆ. ನಿಷೇಧಿತ ಸುಡಾನ್ ಬಣ್ಣ ಎಣ್ಣೆಯಲ್ಲಿ ಕರಗುವಂಥದ್ದು, ಲೋಟಕ್ಕೆ ಸಿಗುವುದಿಲ್ಲ ತಮ್ಮಾ.’ ಎರಡು ರಾತ್ರಿ ನಿದ್ದೆ ಬರಲಿಲ್ಲ. ಅಳಿಸಿ ಸುಮ್ಮನಿರು ಎಂದ ಅಣ್ಣ. ನಾನು ಅದೇ ಲೋಟ ಹಿಡಿದು ತಪ್ಪೊಪ್ಪಿಕೊಂಡೆ, ಪುಡಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ವರದಿಯ ಹಾಳೆಯನ್ನೂ ತೋರಿಸಿದೆ. ಸಗಟು ಕೊಳ್ಳುವವರು ಮೊದಲ ಸಲ ನನಗೆ ಫೋನ್ ಮಾಡಿ ಸಲಹೆ ಕೇಳಿದ್ದು ಆ ವಿಡಿಯೊದ ನಂತರ.

ಅತಿ ಹೆಚ್ಚು ಜನ ನೋಡಿದ ವಿಡಿಯೊದಲ್ಲಿ ನಾನೇ ಇಲ್ಲ. ತೊಟ್ಟು ಬಿಡಿಸುವ ಹಿರಿಯಕ್ಕ ಒಬ್ಬರು ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ಬೀಜ ಗಲಗಲ ಎಂದರೆ ಒಣಗಿದೆ, ಮೂಕವಾಗಿದ್ದರೆ ಹಸಿ ಎಂದು ವಿಂಗಡಿಸುತ್ತಾರೆ. ‘ಮುಖ ಬೇಡಪ್ಪಾ, ಕೈ ಬೇಕಾದರೆ ತೆಗೆದುಕೋ’ ಎಂದರು. ಕೈಯನ್ನಷ್ಟೇ ಚಿತ್ರಿಸಿದೆ, ಆ ದಿನದ ಕೂಲಿಗಿಂತ ಹೆಚ್ಚು ಕೊಟ್ಟೆ. ಕೇಳುವವನು ನಾನು, ಬಲ್ಲವರು ಅವರು. ಅಚ್ಚರಿಯೆಂದರೆ, ಅದರಿಂದಲೂ ಹೆಸರು ಬಂದದ್ದು ನನಗೇ.

ಬ್ಯಾಡಗಿಯದೇ ಇನ್ನೊಂದು ಬಗೆಯಾದ ‘ಡಬ್ಬಿ’ ಕಾಯಿ ಕಡ್ಡಿಗಿಂತ ಏಕೆ ದುಬಾರಿ ಎಂದು ಗದಗದ ಖಾನಾವಳಿಯವರೊಬ್ಬರು ನಿನ್ನೆ ಕೇಳಿದ್ದಾರೆ. ಸೋಮವಾರ ಅದನ್ನು ಚಿತ್ರಿಸಬೇಕು. ಅದಕ್ಕೂ ಮೊದಲು ಇಲಿ ಕಡಿದ ಮೈಕಿನ ಸ್ಪಂಜಿಗೆ ಬದಲಿ ಹುಡುಕಬೇಕು.