ಬದುವಿನ ಗಂಧದ ಸಸಿಗಳಲ್ಲಿ ಉಳಿಯುವುದು ಯಾವುದು?

ನಂಜನಗೂಡು ಕಡೆಯ ನಮ್ಮ ಹೊಲದ ಬದುವಿನಲ್ಲಿ ಶ್ರೀಗಂಧ ತಾನಾಗಿಯೇ ಹುಟ್ಟುತ್ತದೆ. ಕೋಗಿಲೆ, ಪಿಕಳಾರಗಳು ಹಣ್ಣು ನುಂಗಿ, ಬೇಲಿಮರಗಳ ಮೇಲೆ ಕುಳಿತು ಬೀಜ ಉದುರಿಸುತ್ತವೆ. ಹೀಗೆ ಹುಟ್ಟಿದವುಗಳಲ್ಲಿ ಮರವಾಗುವುದು ಯಾವುದು ಎಂಬ ಕುತೂಹಲದಿಂದ ಲೆಕ್ಕ ಇಡತೊಡಗಿದೆ.

ಮಳೆ ಹಿಡಿದ ಮೇಲೆ ಕಣ್ಣಿಗೆ ಬಿದ್ದ ಪ್ರತಿ ಸಸಿಯ ಪಕ್ಕ ಒಂದು ಕಡ್ಡಿ ನೆಡುತ್ತೇನೆ. ತಗಡಿನ ಚೂರಿಗೆ ಮೊಳೆಯಿಂದ ಸಂಖ್ಯೆ ಕೊರೆದು ಕಡ್ಡಿಗೇ ಕಟ್ಟುತ್ತೇನೆ. ಸಸಿಗೆ ಕಟ್ಟಿದರೆ ಕಾಂಡ ದಪ್ಪವಾದಾಗ ತಂತಿ ಕೊಯ್ಯುತ್ತದೆ. ಎತ್ತರ, ಎಲೆಗಳ ಸಂಖ್ಯೆ, ಹತ್ತಿರ ಯಾವ ಗಿಡವಿದೆ ಎಂಬುದನ್ನು ಪುಸ್ತಕದಲ್ಲಿ ಬರೆಯುತ್ತೇನೆ. ಸತ್ತ ಸಸಿಯನ್ನೂ ಬರೆಯಲೇಬೇಕು. ಉಳಿದದ್ದನ್ನು ಮಾತ್ರ ನೋಡುವವರಿಗೆ ಅದರಲ್ಲೇ ಏನೋ ಹೆಚ್ಚುಗಾರಿಕೆ ಇತ್ತು ಎನಿಸುತ್ತದೆ.

ಗಂಧ ಅರೆ ಪರಾವಲಂಬಿ. ಎಲೆಯಲ್ಲಿ ತಾನೇ ಆಹಾರ ತಯಾರಿಸಿಕೊಂಡರೂ ನೀರು, ಲವಣಗಳಿಗಾಗಿ ಅದರ ಬೇರು ಪಕ್ಕದ ಗಿಡದ ಬೇರನ್ನು ಹಿಡಿಯಬೇಕು. ಒಂದೇ ತಾಯಿಮರದ ಎರಡು ಬೀಜಗಳು ಗೇಣು ಅಂತರದಲ್ಲಿ ಮೊಳೆಯುತ್ತವೆ. ಒಂದರ ಬೇರಿಗೆ ತೊಗರಿ ಸಿಗುತ್ತದೆ, ಇನ್ನೊಂದಕ್ಕೆ ಕಲ್ಲು. ಆ ತೊಗರಿಯ ಪಕ್ಕದ್ದನ್ನೇ ಮೇಕೆ ಬಾಯಿ ಹಾಕಿ ಮುಗಿಸಿದ್ದೂ ಉಂಟು. ನನ್ನ ಪುಸ್ತಕದ ಪ್ರಕಾರ ಮೊದಲ ಮಳೆಗಾಲದ ಎತ್ತರ ನೋಡಿ ಮುಂದಿನದನ್ನು ಹೇಳಲಾಗದು. ಪಕ್ಕದಲ್ಲಿ ಆಸರೆ ಗಿಡವಿದ್ದವು ಮಾತ್ರ ಹೆಚ್ಚು ಉಳಿದಿವೆ.

ಹಾಗಾದರೆ ಉಳಿದ ವ್ಯತ್ಯಾಸವೆಲ್ಲ ಎಲ್ಲಿಂದ ಬಂತು? ಇದಕ್ಕೆ ಒಂದು ನಾಣ್ಯ ಸಾಕು. ಎಲ್ಲ ರೀತಿಯಲ್ಲೂ ಸಮನಾದ 64 ಸಸಿಗಳಿವೆ ಎನ್ನಿ. ವರ್ಷಕ್ಕೊಮ್ಮೆ ಪ್ರತಿಯೊಂದಕ್ಕೂ ನಾಣ್ಯ ಚಿಮ್ಮಬೇಕು, ಹಿಂಬದಿ ಬಿದ್ದರೆ ಸಾವು. ಸರಾಸರಿ ಲೆಕ್ಕದಲ್ಲಿ 32, 16, 8, 4, 2 ಎಂದು ಇಳಿದು, ಆರು ವರ್ಷದ ಕೊನೆಗೆ ಒಂದು ನಿಂತಿರುತ್ತದೆ. ಹೂಬಿಟ್ಟು ಬೀಜ ಚೆಲ್ಲುವುದೂ ಅಂಥ ಒಂದೆರಡೇ. ಅವುಗಳಿಗೆ ಯಾವ ವಿಶೇಷ ಗುಣವೂ ಇರಲಿಲ್ಲ. ಈ ಲೆಕ್ಕವನ್ನು ಪಕ್ಕದಲ್ಲಿಟ್ಟುಕೊಂಡು ಹೊಲದ ಲೆಕ್ಕ ನೋಡಬೇಕು. ನಾಣ್ಯ ಕೊಡುವುದಕ್ಕಿಂತ ಹೆಚ್ಚಿನ ಅಂತರ ಕಂಡರೆ ಮಾತ್ರ ಗುಣವನ್ನೋ ಜಾಗವನ್ನೋ ಹುಡುಕುವುದು ನ್ಯಾಯ. ಪರಿಸರ ವಿಜ್ಞಾನಿಗಳು ಗಿಡಗಳಿಗೂ ಪ್ರಾಣಿಗಳಿಗೂ ಇಂಥದೇ ವಿಂಗಡಣೆ ಮಾಡಿ, ಒಂದು ಜೀವಿ ಬಿಟ್ಟುಹೋಗುವ ಸಂತತಿಯ ವ್ಯತ್ಯಾಸದಲ್ಲಿ ಅದೃಷ್ಟದ ಪಾಲೇ ದೊಡ್ಡದಿರಬಹುದು ಎಂದು ತೋರಿಸಿದ್ದಾರೆ. ನನಗೆ ಇದು ಬಹಳ ದೊಡ್ಡ ತಿಳಿವಳಿಕೆ ಎನಿಸುತ್ತದೆ.

ಈಗ ಸಸಿ ಕಂಡ ಕೂಡಲೇ ಅದರ ಹತ್ತಿರ ಎರಡು ತೊಗರಿ ಕಾಳು ಊರುತ್ತೇನೆ. ಬೇರೆಡೆ ಬಿತ್ತಲು ಬೀಜ ಆರಿಸುವಾಗ, ಚೆನ್ನಾಗಿ ಬೆಳೆದ ಒಂದೇ ಮರವನ್ನು ನಂಬದೆ, ಸೊರಗಿದವನ್ನೂ ಸೇರಿಸಿ ಹಲವು ಮರಗಳಿಂದ ಆಯುತ್ತೇನೆ.