ಸೋರುತ್ತಿದ್ದದ್ದು ಹೋಸ್ ಅಲ್ಲ

ನಮ್ಮ ತೀರ್ಥಹಳ್ಳಿ ಮನೆಯ 1998ರ ಮಾರುತಿ 800 ವಾರಕ್ಕೆ ಅರ್ಧ ಲೀಟರ್ ನೀರು ಕುಡಿಯತೊಡಗಿದಾಗ ನಾನು ಮೊದಲು ಬದಲಿಸಿದ್ದು ಹೀಟರ್ ಕಡೆಗೆ ಹೋಗುವ ಹೋಸ್ ಪೈಪನ್ನು. ತಿಂಗಳೊಳಗೆ ಅದೇ ಜಾಗದಲ್ಲಿ ಮತ್ತೆ ಒಸರು. ಕ್ಲಿಪ್ ಬಿಗಿ ಮಾಡಿದೆ, ಒಸರು ಇನ್ನೂ ಹೆಚ್ಚಾಯಿತು. ಆಗ ಅನುಮಾನ ಬಂದದ್ದು ಹೋಸಿನ ಒಳಗಿರುವ ಕಬ್ಬಿಣದ ಮೂತಿಯ ಮೇಲೆ, ಅಂದರೆ ಹೋಸ್ ಸಿಕ್ಕಿಸಲು ಎಂಜಿನ್ ಕಡೆಯಿಂದ ಹೊರಚಾಚಿರುವ ಗಿಡ್ಡ ಕೊಳವೆಯ ಮೇಲೆ.

ಎಂಜಿನ್ ಪೂರ್ತಿ ಆರಿದ ಮೇಲೆ ಬೆಳಿಗ್ಗೆ ರೇಡಿಯೇಟರ್ ಮುಚ್ಚಳ ತೆಗೆದು ನೀರು ಇಳಿಸಿದೆ. ಬಿಸಿ ಇರುವಾಗ ಆ ಮುಚ್ಚಳಕ್ಕೆ ಕೈ ಹಾಕಲೇಬಾರದು. ಒಳಗೆ ಒತ್ತಡದಲ್ಲಿರುವ ನೀರು ನೂರು ಡಿಗ್ರಿ ದಾಟಿದ್ದರೂ ಕುದಿಯದೆ ಕಾದಿರುತ್ತದೆ, ಮುಚ್ಚಳ ಸಡಿಲವಾದ ಕ್ಷಣ ಮುಖಕ್ಕೆ ಚಿಮ್ಮುತ್ತದೆ. ಹೋಸನ್ನು ತಿರುಚಿ ಎಳೆಯಲಿಲ್ಲ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸಿಪ್ಪೆಯಂತೆ ಬಿಡಿಸಿದೆ. ಮುನ್ನೂರು ರೂಪಾಯಿಯ ಹೋಸ್ ಉಳಿಸಲು ಹೋಗಿ ಮೂತಿ ಕೂತಿರುವ ಮ್ಯಾನಿಫೋಲ್ಡನ್ನು (ಕಾರ್ಬ್ಯುರೇಟರಿನಿಂದ ಎಂಜಿನ್ನಿಗೆ ಪೆಟ್ರೋಲ್-ಗಾಳಿ ಒಯ್ಯುವ ಭಾಗ) ಸೀಳಿಸಿಕೊಳ್ಳುವುದು ಬೇಡ.

ಟಾರ್ಚ್ ಹಿಡಿದು ನೋಡಿದರೆ ಮೂತಿಯ ತುದಿಯಲ್ಲಿ ಹೋಸ್ ಜಾರದಂತೆ ಇರಬೇಕಾದ ಉಬ್ಬು ಅರ್ಧ ಸುತ್ತು ಮಾಯವಾಗಿತ್ತು. ಕ್ಲಿಪ್ ಕಚ್ಚುವ ಜಾಗದಲ್ಲಿ ತುಕ್ಕು ಪದರ ಪದರವಾಗಿ ಎದ್ದಿತ್ತು, ಹಳೆಯ ಹಂಚಿನ ಚೂರಿನಂತೆ ಉಗುರಿಗೇ ಬರುತ್ತಿತ್ತು. ಬುಡದಲ್ಲಿ, ಅಂದರೆ ಮೂತಿ ಅಲ್ಯೂಮಿನಿಯಮ್ ಮ್ಯಾನಿಫೋಲ್ಡಿನೊಳಗೆ ಇಳಿಯುವಲ್ಲಿ, ಸುಣ್ಣದಂತಹ ಬಿಳಿ ಪುಡಿ. ಸ್ಕ್ರೂಡ್ರೈವರಿನ ತುದಿ ಮೆಲ್ಲಗೆ ಒತ್ತಿದ್ದಷ್ಟೇ, ಕಬ್ಬಿಣ ತೂತಾಯಿತು. ಇಂಥದ್ದರ ಮೇಲೆ ಎಷ್ಟು ಹೊಸ ಹೋಸ್ ಹಾಕಿದರೂ ನೀರು ತುಕ್ಕಿನ ಸಂದಿಯಲ್ಲೇ ದಾರಿ ಮಾಡಿಕೊಳ್ಳುತ್ತದೆ.

ಇದಕ್ಕೆ ಕಾರಣ ನಾವೇ ವರ್ಷಗಟ್ಟಲೆ ಹೊಯ್ದ ತೋಟದ ಬೋರ್‌ವೆಲ್ ನೀರು. ‘ಕೂಲೆಂಟ್ ಹಿಮ ಬೀಳುವ ಊರಿಗೆ ಬೇಕು, ಮಲೆನಾಡಿಗೆ ಯಾಕೆ?’ ಎಂದು, ರೇಡಿಯೇಟರಿನ ನೀರಿಗೆ ಬೆರೆಸುವ ಈ ದ್ರವದ ಬಗ್ಗೆ ಹೇಳುವ ಮಾತು ನಮ್ಮ ಕಡೆ ಈಗಲೂ ಇದೆ. ಅದು ತಪ್ಪು. ಉಕ್ಕು ಮತ್ತು ಅಲ್ಯೂಮಿನಿಯಮ್ ಎರಡೂ ಒಂದೇ ನೀರಿನಲ್ಲಿ ಮುಳುಗಿ ಒಂದಕ್ಕೊಂದು ತಾಗಿಕೊಂಡಿದ್ದರೆ ಅದು ಬ್ಯಾಟರಿಯಂತೆ ಕೆಲಸ ಮಾಡುತ್ತದೆ, ಲೋಹ ಸವೆಯುತ್ತದೆ. ಅದನ್ನು ತಡೆಯುವ ರಾಸಾಯನಿಕ ಕೂಲೆಂಟಿನಲ್ಲಿದೆ, ಬರಿಯ ನೀರಿನಲ್ಲಿಲ್ಲ.

ಮೂತಿ ಹೊರಗೆ ಬಂದದ್ದು ಮೂರು ಗಂಟೆಯ ಕೆಲಸ. ತುಕ್ಕು ಸಡಿಲಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟಿದ್ದೆ. ವೈಸ್ ಗ್ರಿಪ್ (ಕಚ್ಚಿ ಹಿಡಿಯುವ ಇಕ್ಕಳ) ಹಾಕಿ ತಿರುಗಿಸಿದರೆ ತುದಿ ಮುರಿದು ಕೈಗೆ ಬಂತು, ಬುಡ ಒಳಗೇ ಉಳಿಯಿತು. ರಂಧ್ರದೊಳಗೆ ಗ್ರೀಸ್ ಹಚ್ಚಿದ ಬಟ್ಟೆ ತುರುಕಿ, ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಮೂತಿಯ ಒಳಗೋಡೆಯನ್ನು ಎರಡು ಕಡೆ ಉದ್ದಕ್ಕೆ ಕೊಯ್ದೆ. ಅಲ್ಯೂಮಿನಿಯಮ್ ಮುಟ್ಟುವ ಮೊದಲೇ ಕೈ ನಿಲ್ಲಬೇಕು. ಅಲ್ಲಿ ಗೀರು ಬಿದ್ದರೆ ಅದೇ ಮುಂದಿನ ಸೋರಿಕೆ. ಕೊಯ್ದ ಪಟ್ಟಿಯನ್ನು ಒಳಕ್ಕೆ ಮಡಚಿದಾಗ ಉಳಿದದ್ದು ಸಡಿಲವಾಗಿ ಬಂತು. ಬಟ್ಟೆಯನ್ನು ಚೂರುಗಳ ಸಮೇತ ಹೊರಗೆಳೆದೆ.

ಹೊಸ ಮೂತಿಗಾಗಿ ಶಿವಮೊಗ್ಗದ ಲೇತ್ ಅಂಗಡಿಗೆ ಬಸ್ಸಿನಲ್ಲಿ ಹೋದೆ. ರಂಧ್ರದ ಅಳತೆಯನ್ನು ವರ್ನಿಯರಿನಲ್ಲಿ ಮೂರು ಕಡೆ ತೆಗೆದು ಬರೆದುಕೊಂಡಿದ್ದೆ. ಅಲ್ಲಿನ ಹಿರಿಯರು, “ಹಿತ್ತಾಳೆಯಲ್ಲಿ ಮಾಡಿಕೊಡುತ್ತೇನೆ ಮಾರಾಯರೇ, ತುಕ್ಕಿನ ಗೋಳೇ ಇಲ್ಲ” ಎಂದರು. ಹಿತ್ತಾಳೆ ತಾನು ಉಳಿಯುತ್ತದೆ, ನಿಜ. ಆದರೆ ಪಕ್ಕದ ಅಲ್ಯೂಮಿನಿಯಮನ್ನು ಇನ್ನಷ್ಟು ಬೇಗ ತಿನ್ನಿಸುತ್ತದೆ. ಮೂತಿ ಮತ್ತೆ ಮಾಡಿಸಬಹುದು, ಮ್ಯಾನಿಫೋಲ್ಡ್ ಸಿಗುವುದು ಕಷ್ಟ. ಹೀಗೆ ಹೇಳಿದ ಮೇಲೆ ಅವರೂ ಒಪ್ಪಿ, ಮೊದಲಿದ್ದಂತೆ ಉಕ್ಕಿನಲ್ಲೇ ತಿರುವಿದರು. ಬಿಗಿಯಾಗಿ ಕೂರಲೆಂದು ರಂಧ್ರಕ್ಕಿಂತ 0.02 ಮಿಲಿಮೀಟರ್ ದಪ್ಪ, ತುದಿಯಲ್ಲಿ ಉಬ್ಬು. ಅಂಥ ಕೈ ಈಗ ಅಪರೂಪ.

ಕೂರಿಸುವಾಗ ನೆರವಾದದ್ದು ಬಿಸಿ ಮತ್ತು ತಂಪು. ಒಂದೇ ಬಿಸಿಗೆ ಅಲ್ಯೂಮಿನಿಯಮ್ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಮೂತಿಯನ್ನು ರಾತ್ರಿ ಫ್ರೀಜರಿನಲ್ಲಿಟ್ಟೆ. ಬೆಳಿಗ್ಗೆ ಕುದಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ರಂಧ್ರದ ಸುತ್ತ ನಾಲ್ಕೈದು ಸಲ ಸುತ್ತಿದೆ. ಮೇಲೆಯೇ ಕಾರ್ಬ್ಯುರೇಟರ್ ಇದೆ, ಪೆಟ್ರೋಲಿನ ಆವಿ ಇರುತ್ತದೆ, ಆದ್ದರಿಂದ ಬೆಂಕಿಯ ಮಾತೇ ಇಲ್ಲ. ರಂಧ್ರ ಒರೆಸಿ, ಮೂತಿಗೆ ಲೋಹ ಹಿಡಿಸುವ ಅಂಟು ಸವರಿ, ಮರದ ತುಂಡು ಅಡ್ಡವಿಟ್ಟು ಮೆಲ್ಲಗೆ ತಟ್ಟಿದೆ. ಮೂರನೆಯ ಪೆಟ್ಟಿಗೆ ಸದ್ದು ಬದಲಾಯಿತು. ಕೂತಿದೆ ಎಂದು ಆ ಸದ್ದೇ ಹೇಳಿತು. ಅಂಟು ಗಟ್ಟಿಯಾಗಲು ಒಂದು ದಿನ ಬಿಟ್ಟೆ.

ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ಥರ್ಮೋಸ್ಟಾಟ್ ಮೇಲಿನ ಮುಚ್ಚಳವೂ ಗುಳಿಬಿದ್ದಿತ್ತು. ಹೊಸದನ್ನು ಹೊಸ ಪ್ಯಾಕಿಂಗ್ ಜೊತೆ ಹಾಕಿದೆ. ಉಳಿದ ಮೂತಿಗಳನ್ನು ಎಮರಿ ಪೇಪರಿನಿಂದ ಉಜ್ಜಿ ನುಣುಪು ಮಾಡಿದೆ. ಒಳಗೆ ತೊಳೆದ ನೀರು ಚಹಾ ಬಣ್ಣದಿಂದ ತಿಳಿಯಾಗಲು ಐದು ಸಲ ಬೇಕಾಯಿತು. ಆಮೇಲೆ ಕೂಲೆಂಟ್ ಅರ್ಧ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧ. ಚೆಲ್ಲಿದ್ದನ್ನು ತಕ್ಷಣ ತೊಳೆಯಿರಿ. ಅದು ಸಿಹಿ, ನಾಯಿ ನೆಕ್ಕಿದರೆ ಬದುಕುವುದು ಕಷ್ಟ. ಒಳಗೆ ಸಿಕ್ಕಿಕೊಂಡ ಗಾಳಿ ತೆಗೆಯಲು ನಮ್ಮ ಅಂಗಳದ ಏರೇ ಸಾಕಾಯಿತು: ಕಾರಿನ ಮೂತಿ ಮೇಲಾಗಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆರೆದು ಚಾಲೂ ಮಾಡಿ, ಹೀಟರ್ ಗುಂಡಿಯನ್ನು ಬಿಸಿಗೆ ತಿರುಗಿಸಿ, ಗುಳ್ಳೆ ನಿಲ್ಲುವವರೆಗೆ ಕಾದೆ.

ಭಾನುವಾರ ಸೋಮೇಶ್ವರಕ್ಕೆ ಇಳಿದು ಆಗುಂಬೆ ಘಾಟಿಯ 14 ತಿರುವುಗಳನ್ನು ಎರಡನೇ ಗೇರಿನಲ್ಲಿ ಹತ್ತಿದೆ. ಎಂಜಿನ್ ಬಿಸಿ ತೋರಿಸುವ ಮುಳ್ಳು ಅರ್ಧ ದಾಟಲಿಲ್ಲ. ಮೇಲೆ ನಿಲ್ಲಿಸಿ ಬಾನೆಟ್ ಎತ್ತಿ, ಮೂತಿಯ ಬುಡದ ಸುತ್ತ ಪತ್ರಿಕೆಯ ಚೂರೊಂದನ್ನು ಒತ್ತಿ ತೆಗೆದೆ. ಒಣಗಿಯೇ ಇತ್ತು.